40 ಆರ್ಡರ್ ಬಂದಿವೆ, ಮೆಟಾದಲ್ಲಿ 23 ಅಷ್ಟೇ ಕಾಣುತ್ತಿವೆ

ಪ್ರಶ್ನೆ: ಸರ್, ಬಳ್ಳಾರಿಯಲ್ಲಿ ನಮ್ಮದು ಸಣ್ಣ ಜೀನ್ಸ್ ಘಟಕ. ಸ್ವಂತ ವೆಬ್‌ಸೈಟ್‌ನಲ್ಲೂ ಮಾರುತ್ತೇವೆ, ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಕೊಡುತ್ತೇವೆ. ಹೋದ ವಾರ 40 ಆರ್ಡರ್ ಬಂದವು. ಫೋನ್ ಮಾಡಿ ಕೇಳಿದರೆ ಹೆಚ್ಚಿನವರು ಜಾಹೀರಾತು ನೋಡಿ ಬಂದವರೇ. ಇನ್‌ಸ್ಟಾಗ್ರಾಂನ ಕಂಪನಿ ಮೆಟಾ ಮಾತ್ರ ಜಾಹೀರಾತಿನಿಂದ ಬಂದದ್ದು 23 ಅನ್ನುತ್ತಿದೆ. ಸರ್ವರ್ ಕಡೆಯಿಂದ ಟ್ರ್ಯಾಕಿಂಗ್ ಮಾಡಿಸಿ ಅಂತಾರೆ. ನಿಜಕ್ಕೂ ಬೇಕಾ?
— ಓದುಗರು, ಬಳ್ಳಾರಿ

ಉತ್ತರ: ಬೇಕು. ಆದರೆ ಅದಕ್ಕೂ ಮುಂಚೆ ನಿಮ್ಮ ಫೋನಿನಿಂದಲೇ ಒಂದು ಪ್ಯಾಂಟ್ ಆರ್ಡರ್ ಮಾಡಿ. ಫೋನ್‌ಪೇಯಲ್ಲಿ ದುಡ್ಡು ಕಟ್ಟಿ, ಹಸಿರು ಟಿಕ್ ಬಂದ ಕೂಡಲೇ ಅಲ್ಲೇ ಮುಚ್ಚಿಬಿಡಿ, ವೆಬ್‌ಸೈಟಿಗೆ ವಾಪಸ್ ಹೋಗಬೇಡಿ. ಆರ್ಡರ್ ನಿಮಗೆ ಬಂದಿರುತ್ತೆ, ಮೆಟಾಗೆ ಹೋಗಿರಲ್ಲ. ಯಾಕೆಂದರೆ ಮೆಟಾದ ಪಿಕ್ಸೆಲ್ (ವೆಬ್‌ಸೈಟಿಗೆ ಹಾಕುವ ಎಣಿಕೆಯ ಕೋಡ್) ಓಡುವುದು ಗ್ರಾಹಕರ ಬ್ರೌಸರ್‌ನಲ್ಲಿ, ಸಾಮಾನ್ಯವಾಗಿ ಅದು ಮಾರಾಟ ಎಣಿಸುವುದು ‘ಧನ್ಯವಾದ’ ಪುಟ ತೆರೆದಾಗ. ಆ ಪುಟಕ್ಕೆ ಬರದವರು ಲೆಕ್ಕಕ್ಕಿಲ್ಲ. ಜೊತೆಗೆ ಆಡ್ ಬ್ಲಾಕರ್‌ಗಳಿವೆ, 2021ರಿಂದ ಟ್ರ್ಯಾಕಿಂಗ್‌ಗೆ ಐಫೋನ್ ಕೇಳುವ ಅನುಮತಿಯೂ ಇದೆ.

ದುಡ್ಡು ಬಂದದ್ದು ಖಚಿತವಾಗಿ ಗೊತ್ತಿರುವುದು ಪೇಮೆಂಟ್ ಗೇಟ್‌ವೇಗೆ. ಗ್ರಾಹಕರ ಫೋನ್ ಆಫ್ ಆದರೂ ಅದು ವೆಬ್‌ಹುಕ್ (ತಾನಾಗಿ ಬರುವ ಸಂದೇಶ) ಮೂಲಕ ನಿಮ್ಮ ವೆಬ್‌ಸೈಟಿನ ಸರ್ವರ್‌ಗೆ ತಿಳಿಸುತ್ತೆ. ಅಲ್ಲಿಂದಲೇ ಕನ್ವರ್ಷನ್ಸ್ ಎಪಿಐಗೆ, ಅಂದರೆ ಸರ್ವರ್‌ನಿಂದ ನೇರವಾಗಿ ಮಾಹಿತಿ ಪಡೆಯುವ ಮೆಟಾದ ವ್ಯವಸ್ಥೆಗೆ, ‘ಪರ್ಚೇಸ್’ (ಮಾರಾಟ) ಕಳಿಸಬೇಕು. ನಿಮ್ಮ ಅಂಗಡಿ ಶಾಪಿಫೈ, ವೂಕಾಮರ್ಸ್‌ನಂಥ ರೆಡಿಮೇಡ್ ವ್ಯವಸ್ಥೆಯಲ್ಲಿದ್ದರೆ ಕೋಡ್ ಬರೆಯಬೇಕಿಲ್ಲ, ಮೆಟಾದ ಆ್ಯಪ್ ಅಥವಾ ಪ್ಲಗಿನ್ ಹಾಕಿದರೆ ಸಾಕು. ಕೋಡ್ ಬರೆಸುವುದಾದರೆ ಒಂದು ಮಾತು: ವೆಬ್‌ಹುಕ್ ಜೊತೆ ಬ್ರೌಸರ್ ಕುಕೀ ಬರಲ್ಲ. ಹಾಗಾಗಿ ಚೆಕ್‌ಔಟ್‌ನಲ್ಲೇ ಬ್ರೌಸರ್ ಮತ್ತು ಜಾಹೀರಾತಿನ ಕ್ಲಿಕ್ ಗುರುತಿಸುವ ಮೆಟಾದ ಕುಕೀಗಳಾದ ಎಫ್‌ಬಿಪಿ, ಎಫ್‌ಬಿಸಿ ಎರಡನ್ನೂ ಆರ್ಡರ್ ಜೊತೆ ಉಳಿಸಿಕೊಳ್ಳಿ.

ಪಿಕ್ಸೆಲ್ ತೆಗೆಯಬೇಡಿ, ಎರಡೂ ಇರಲಿ. ಆದರೆ ಎರಡರಲ್ಲೂ ಈವೆಂಟ್ ಹೆಸರು (‘ಪರ್ಚೇಸ್’), ಈವೆಂಟ್ ಐಡಿ ಒಂದೇ ಇರಬೇಕು, ಆಗಲೇ ಮೆಟಾ ಎರಡನ್ನೂ ಒಂದೇ ಮಾರಾಟವಾಗಿ ಎಣಿಸುತ್ತೆ. ಆರ್ಡರ್ ನಂಬರನ್ನೇ ಐಡಿ ಮಾಡಿ. ಕೊಪ್ಪಳದ ಒಂದು ಅಂಗಡಿಗೆ ಮಾಡಿಕೊಟ್ಟಾಗ ನಾನು ಇದನ್ನೇ ತಪ್ಪಿದ್ದೆ. ಒಂದೊಂದು ಮಾರಾಟ ಎರಡೆರಡು ಸಲ ಎಣಿಕೆಯಾಯಿತು, ಅದನ್ನು ನಂಬಿ ಅವರು ಜಾಹೀರಾತಿಗೆ ಇನ್ನಷ್ಟು ದುಡ್ಡು ಹಾಕಿದರು. ಆ ಬೇಸರ ಇನ್ನೂ ಇದೆ.

ನಮ್ಮ ಕಡೆ ಇಮೇಲ್ ಕೊಡುವವರು ಕಡಿಮೆ, ಅಲ್ವಾ? ಹಾಗಾಗಿ ಮೆಟಾ ಗ್ರಾಹಕರನ್ನು ಗುರುತಿಸಲು ಫೋನ್ ನಂಬರೇ ಮುಖ್ಯ. ಮುಂದಿನ ಸೊನ್ನೆ, ಪ್ಲಸ್, ಖಾಲಿ ಜಾಗ ಎಲ್ಲ ತೆಗೆದು, ದೇಶದ ಕೋಡ್ 91 ಇಲ್ಲದಿದ್ದರೆ ಸೇರಿಸಿ, ಆಮೇಲೆ ಎಸ್‌ಎಚ್‌ಎ-256 ಹ್ಯಾಶ್ (ನಂಬರನ್ನು ಗುಪ್ತ ಅಕ್ಷರಸರಣಿಯಾಗಿಸುವ ಲೆಕ್ಕ) ಮಾಡಿ. ಸೊನ್ನೆ ಉಳಿದರೆ ಹ್ಯಾಶ್ ಪೂರ್ತಿ ಬೇರೆಯಾಗುತ್ತೆ, ಗುರುತೇ ಸಿಗಲ್ಲ. ಈ ಮಾಹಿತಿ ಮೆಟಾಗೆ ಹೋಗುತ್ತೆ ಅಂತ ಗ್ರಾಹಕರಿಗೆ ಮೊದಲೇ ತಿಳಿಸಿ, ಬೇಡ ಅಂದವರದ್ದು ಕಳಿಸಬೇಡಿ.

ಕ್ಯಾಶ್ ಆನ್ ಡೆಲಿವರಿ ಇದ್ದರೆ, ಫೋನ್‌ನಲ್ಲಿ ಖಚಿತ ಮಾಡಿಕೊಂಡ ಮೇಲೆ ಸರ್ವರ್‌ನಿಂದ ಮಾತ್ರ ‘ಪರ್ಚೇಸ್’ ಕಳಿಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಈವೆಂಟ್ ನಡೆದು 7 ದಿನ ದಾಟಿದರೆ ಮೆಟಾ ತೆಗೆದುಕೊಳ್ಳಲ್ಲ.

ಎಲ್ಲ ಮುಗಿದ ಮೇಲೆ ಮೆಟಾದ ಇವೆಂಟ್ಸ್ ಮ್ಯಾನೇಜರ್‌ನಲ್ಲಿ ಟೆಸ್ಟ್ ಇವೆಂಟ್ಸ್ ಪುಟ ತೆರೆದಿಟ್ಟುಕೊಂಡು, ಅಲ್ಲಿ ಸಿಗುವ ಟೆಸ್ಟ್ ಕೋಡನ್ನು ಸರ್ವರ್‌ನಲ್ಲಿ ಹಾಕಿ, ಅದೇ ಫೋನ್‌ಪೇ ಪರೀಕ್ಷೆ ಮತ್ತೆ ಮಾಡಿ. ಈ ಸಲ ಸರ್ವರ್‌ನಿಂದ ಒಂದು ಪರ್ಚೇಸ್ ಬರಬೇಕು. ಬಂತಾ? ಟೆಸ್ಟ್ ಕೋಡ್ ತೆಗೆದುಬಿಡಿ.