ನಕಲು ಹೆಚ್ಚಿದರೆ ವೇಗವೂ ಹೆಚ್ಚುತ್ತದೆಯೇ?

ಪ್ರಶ್ನೆ: ನಮ್ಮ ಹಡೂಪ್ ಕ್ಲಸ್ಟರ್‌ನಲ್ಲಿ (ದೊಡ್ಡ ದತ್ತಾಂಶವನ್ನು ಹಲವು ಕಂಪ್ಯೂಟರ್‌ಗಳಿಗೆ ಹಂಚಿಡುವ ವ್ಯವಸ್ಥೆ) ಎಲ್ಲ ಫೈಲ್‌ಗಳ ನಕಲುಗಳನ್ನು 3ರಿಂದ 5ಕ್ಕೆ ಏರಿಸಿದೆವು. ಓದುವ ವೇಗ ಇದ್ದಷ್ಟೇ ಇದೆ, ಬರೆಯುವುದು ಮಾತ್ರ ನಿಧಾನವಾಗಿದೆ. ಯಾಕೆ?

ಉತ್ತರ: ಹಡೂಪ್‌ನಲ್ಲಿ ನಕಲು ಮಾಡುವುದೆಂದರೆ ಸಾಲಾಗಿ ನಿಂತು ಕೊಡ ದಾಟಿಸಿದಂತೆ. ಮೊದಲ ನೋಡ್ (ಕ್ಲಸ್ಟರ್‌ನ ಒಂದು ಕಂಪ್ಯೂಟರ್) ಎರಡನೆಯದಕ್ಕೆ, ಅದು ಮೂರನೆಯದಕ್ಕೆ ದತ್ತಾಂಶ ಕಳಿಸುತ್ತದೆ. ‘ತಲುಪಿತು’ ಎಂಬ ಉತ್ತರ ಕೊನೆಯ ನೋಡ್‌ನಿಂದ ಹಿಂದೆ ಹಿಂದೆ ಬಂದ ಮೇಲೇ ಬರೆದದ್ದು ಲೆಕ್ಕಕ್ಕೆ. ಸಾಲು ಉದ್ದವಾದಷ್ಟೂ ಅದರಲ್ಲೊಂದು ಸೋಮಾರಿ ಡಿಸ್ಕ್ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು. ಎಲ್ಲರೂ ಅದರ ನಡಿಗೆಗೇ ಬರಬೇಕು. 100 ಜಿಬಿ ಫೈಲಿಗೆ ಇನ್ನೆರಡು ನಕಲೆಂದರೆ ಡಿಸ್ಕ್‌ಗಳ ಮೇಲೆ 200 ಜಿಬಿ ಹೊಸ ಹೊರೆ.

ಓದುವಾಗಲಾದರೋ ಒಂದು ಟಾಸ್ಕ್, ಅಂದರೆ ಜಾಬ್ ಎಂಬ ಇಡೀ ಕೆಲಸದ ಒಂದು ಭಾಗ, ತನ್ನ 128 ಎಂಬಿ ಬ್ಲಾಕನ್ನು (ಫೈಲಿನ ಒಂದು ತುಂಡು) ಒಂದೇ ನಕಲಿನಿಂದ ಓದುತ್ತದೆ, ಉಳಿದ ನಾಲ್ಕು ಸುಮ್ಮನಿರುತ್ತವೆ. ನೂರಾರು ಟಾಸ್ಕ್‌ಗಳು ಒಂದೇ ಫೈಲಿಗೆ ಮುಗಿಬಿದ್ದಾಗ ಮಾತ್ರ ಹೆಚ್ಚಿನ ನಕಲು ಕೈಹಿಡಿಯುತ್ತದೆ. ಹಡೂಪ್‌ನಲ್ಲಿ ಜಾಬ್‌ಗಳನ್ನು ಓಡಿಸುವ ಮ್ಯಾಪ್‌ರೆಡ್ಯೂಸ್, ಎಲ್ಲ ಟಾಸ್ಕ್‌ಗಳೂ ಓದುವ ತನ್ನ ಜಾಬ್ ಫೈಲ್‌ಗಳಿಗಷ್ಟೇ ಪೂರ್ವನಿಯೋಜಿತವಾಗಿ 10 ನಕಲು ಇಡುವುದೂ ಇದಕ್ಕೇ.

ಹಾಗಾಗಿ ಮತ್ತೆ 3ಕ್ಕೆ ಬನ್ನಿ. ಸೆಟ್ಟಿಂಗ್ ಬದಲಿಸಿದರೆ ಹೊಸ ಫೈಲ್‌ಗಳಿಗಷ್ಟೇ ಅನ್ವಯ, ಹಳೆಯವು 5ರಲ್ಲೇ ಉಳಿಯುತ್ತವೆ. ಹಲವರು ಎಡವುವುದು ಇಲ್ಲೇ. ಅವನ್ನು ‘ಸೆಟ್‌ರೆಪ್’ ಆಜ್ಞೆಯಿಂದ ಇಳಿಸಬೇಕು. ಎಲ್ಲರೂ ಓದುವ ಫೈಲ್ ಇದ್ದರೆ, ಬರೆದು ಮುಗಿದ ಮೇಲೆ ಅದೊಂದನ್ನೇ ಇದೇ ಆಜ್ಞೆಯಿಂದ ಏರಿಸಿ. ‘ಡಬ್ಲ್ಯು’ ಆಯ್ಕೆ ಕೊಟ್ಟರೆ ನಕಲು ಪೂರ್ತಿಯಾಗುವವರೆಗೆ ಆಜ್ಞೆ ಕಾಯುತ್ತದೆ. ಕಾಯದೆ ಜಾಬ್ ಓಡಿಸಿದರೆ ಹಳೆಯ 3 ನಕಲುಗಳ ಮೇಲೇ ನೂಕುನುಗ್ಗಲು.

ಪ್ರಶ್ನೆ: ನಮ್ಮ ಕ್ಯಾಸಾಂಡ್ರಾದಲ್ಲಿ (ಹಲವು ಕಂಪ್ಯೂಟರ್‌ಗಳಿಗೆ ಹಂಚಿದ ಡೇಟಾಬೇಸ್) 3 ನಕಲುಗಳಿವೆ. ಬರೆದ ಕೂಡಲೇ ಓದಿದರೆ ಕೆಲವೊಮ್ಮೆ ಹಳೆಯ ಮೌಲ್ಯ ಬರುತ್ತದೆ.

ಉತ್ತರ: ಬರೆಯುವಾಗ ಎಷ್ಟು ನಕಲುಗಳ ಉತ್ತರಕ್ಕೆ ಕಾಯುತ್ತೀರಿ, ಓದುವಾಗ ಎಷ್ಟಕ್ಕೆ? ಎರಡರ ಮೊತ್ತ ಒಟ್ಟು ನಕಲುಗಳಿಗಿಂತ ಹೆಚ್ಚಿರಬೇಕು. ಎರಡೂ ‘ಒನ್’, ಅಂದರೆ ಒಂದೇ ನಕಲಿನ ಉತ್ತರ ಸಾಕು ಎಂದಿದ್ದರೆ ಮೊತ್ತ 2, ಸಾಲದು. ಎರಡನ್ನೂ ‘ಕೋರಂ’, ಅಂದರೆ ಅರ್ಧಕ್ಕಿಂತ ಹೆಚ್ಚು ನಕಲು (3ರಲ್ಲಿ 2) ಮಾಡಿದರೆ ಮೊತ್ತ 4. ಒಂದು ನೋಡ್ ಬಿದ್ದರೂ ಕೆಲಸ ನಡೆಯುತ್ತದೆ. ಆದರೆ ಎರಡು ಡೇಟಾ ಕೇಂದ್ರಗಳಲ್ಲಿ ಮೂರು ಮೂರು ನಕಲಿದ್ದರೆ ಕೋರಂ ಎಂದರೆ 6ರಲ್ಲಿ 4, ಪ್ರತಿ ಸಲವೂ ದೂರದ ಕೇಂದ್ರದ ಉತ್ತರ ಬೇಕೇ ಬೇಕು. 1,000 ಕಿ.ಮೀ. ಫೈಬರ್‌ನಲ್ಲಿ ಹೋಗಿಬರಲು ಬೆಳಕಿಗೇ ಸುಮಾರು 10 ಮಿಲಿಸೆಕೆಂಡು ಬೇಕು. ಯಾವ ಸರ್ವರ್ ಕೊಂಡರೂ ಅದು ಇಳಿಯದು. ತನ್ನ ಕೇಂದ್ರದ ನಕಲುಗಳನ್ನಷ್ಟೇ ಎಣಿಸುವ ‘ಲೋಕಲ್ ಕೋರಂ’ ಈ ಕಾಯುವಿಕೆ ತಪ್ಪಿಸುತ್ತದೆ, ಆದರೆ ಆಚೆ ಕೇಂದ್ರದಲ್ಲಿ ಓದುವವರಿಗೆ ಕ್ಷಣಕಾಲ ಹಳೆಯದೇ ಕಾಣಬಹುದು.