ಸೈನಿಕನ ಹೊಟ್ಟೆ, ಐದು ಕಿಲೋಮೀಟರ್ ಓಟ

ಪ್ರಶ್ನೆ: ಮಗನಿಗೆ 28 ವರ್ಷ, ಸೇನೆಯಲ್ಲಿ ಕ್ಲರ್ಕ್. ಎರಡೇ ವರ್ಷದಲ್ಲಿ 70 ಕೆಜಿಯಿಂದ 82ಕ್ಕೆ ಏರಿದ್ದಾನೆ. ಕೇಳಿದರೆ, ‘ಇದು ಬೊಜ್ಜಲ್ಲಮ್ಮ, ಮಸಲ್ಸು. ಗುಂಡು ಹಾರಿಸೋಕೆ ಹೊಟ್ಟೆ ಅಡ್ಡ ಬರಲ್ಲ’ ಅಂತಾನೆ. ಹೌದೇ?
– ಓದುಗರೊಬ್ಬರು, ಖಡಕಿ, ಪುಣೆ

ಉತ್ತರ: ಗುಂಡು ಹಾರಿಸೋಕೆ ಹೊಟ್ಟೆ ಅಡ್ಡ ಬರಲಿಕ್ಕಿಲ್ಲ, ಹಾರಿಸುವ ಜಾಗಕ್ಕೆ ತಲುಪೋಕೆ ಖಂಡಿತ ಅಡ್ಡ ಬರುತ್ತದೆ. ಸೇನೆಯಲ್ಲಿ ನಡೆದುಬಂದ ದೈಹಿಕ ಸಾಮರ್ಥ್ಯದ ಪರೀಕ್ಷೆ ಬಿಪಿಇಟಿಯಲ್ಲಿ ಅವನ ವಯಸ್ಸಿನವರು 5 ಕಿಮೀ ಓಟವನ್ನು 25 ನಿಮಿಷದಲ್ಲಿ ಮುಗಿಸಿದರೆ ಎಕ್ಸಲೆಂಟ್, 28 ದಾಟಿದರೆ ಫೇಲ್. 25 ನಿಮಿಷದ ಓಟಕ್ಕೆ 70 ಕೆಜಿ ದೇಹ ನಿಮಿಷಕ್ಕೆ ಸುಮಾರು 3 ಲೀಟರ್ ಆಮ್ಲಜನಕ ಬಳಸುತ್ತದೆ. ಹೃದಯ, ಶ್ವಾಸಕೋಶ ಅಷ್ಟೇ ಇದ್ದು ಮೇಲೆ 12 ಕೆಜಿ ಕೊಬ್ಬು ಕೂತರೆ ಅದೇ 3 ಲೀಟರ್ 82 ಕೆಜಿಗೆ ಹಂಚಿಹೋಗುತ್ತದೆ. ಆಗ ಓಟ ಹೆಚ್ಚುಕಡಿಮೆ 30 ನಿಮಿಷಕ್ಕೆ ಬಂದು ನಿಲ್ಲುತ್ತದೆ. ಬೆನ್ನಿನ ಹೊರೆ, ರೈಫಲ್ ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಮಸಲ್ಸೋ ಬೊಜ್ಜೋ ಎಂಬ ವಾದ ಟೇಪಿನಲ್ಲೇ ಮುಗಿಯುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ತುದಿ, ಇವೆರಡರ ನಡುಮಧ್ಯೆ ಬರಿಮೈಗೆ ಟೇಪ್ ಸುತ್ತಿ, ಉಸಿರು ಬಿಟ್ಟ ಮೇಲೆ ಅಳೆಯಿರಿ. ಬೆಲ್ಟ್ ಕಟ್ಟುವ ಕಡೆ ಅಳೆದರೆ ಹೊಟ್ಟೆ ಮೇಲೆಯೇ ಉಳಿದುಬಿಡುತ್ತದೆ. ಎಷ್ಟೋ ಜನ ಮೋಸಹೋಗುವುದು ಅಲ್ಲೇ. ನಮ್ಮ ಗಂಡಸರಿಗೆ 90 ಸೆಂಮೀ ಗಡಿ.

ಎತ್ತರದ ಪೋಸ್ಟಿಂಗ್ ಬಂದರೆ ವಿಷಯ ಬಿಗಿಯಾಗುತ್ತದೆ. 9,000 ಅಡಿಯ ಮೇಲೆ ಮೊದಲ ಹಂತದಲ್ಲೇ ಆರು ದಿನ ಹವಾಮಾನಕ್ಕೆ ಒಗ್ಗಿಸುತ್ತಾರೆ. ದಪ್ಪ ಕತ್ತಿನ, ಗೊರಕೆಯಲ್ಲಿ ಉಸಿರು ಕಟ್ಟುವವನಿಗೆ ಅಲ್ಲಿ ರಾತ್ರಿ ಆಮ್ಲಜನಕ ಇನ್ನೂ ಕುಸಿಯುತ್ತದೆ. ಬೊಜ್ಜಿನ ಜೊತೆ ಬಿಪಿ, ಶುಗರ್ ಸೇರಿ ಮೆಡಿಕಲ್ ಕೆಟಗರಿ (ಆರೋಗ್ಯದ ದರ್ಜೆ) ಕೆಳಗಿಳಿದರೆ ಅವನ ಪಾಳಿ ಇನ್ನೊಬ್ಬನ ತಲೆಗೆ. ಕಾಗದದ ಮೇಲೆ ತುಕಡಿ ಪೂರ್ತಿ, ಗುಡ್ಡದ ಮೇಲೆ ಜನ ಕಮ್ಮಿ.

ಇನ್ನು ಇಳಿಸುವ ಮಾತು. 60 ಎಂಎಲ್‌ನ ಎರಡು ಪೆಗ್ ರಮ್ ಅಂದರೆ ಸುಮಾರು 280 ಕ್ಯಾಲೊರಿ, ಜೊತೆಯ ಭಜಿ ಬೇರೆ. ಅದೂ ಸಂಜೆಯ ಫರಸಾಣವೂ (ಕರಿದ ಕುರುಕಲು) ನಿಂತರೆ ದಿನಕ್ಕೆ 500 ಕ್ಯಾಲೊರಿ ತಪ್ಪಿ, ವಾರಕ್ಕೆ ಅರ್ಧ ಕೆಜಿಯಷ್ಟು ಇಳಿಯಬಹುದು. ಮೆಡಿಕಲ್‌ಗೆ ನಾಲ್ಕು ದಿನ ಮುಂಚೆ ನೀರು ಬಿಟ್ಟು, ಸ್ವೆಟರ್ ಹಾಕಿ ಓಡುವ ಉಪಾಯ ಬೇಡವೇ ಬೇಡ. ಇಳಿಯುವುದು ನೀರು, ಕೊಬ್ಬಲ್ಲ; ಪುಣೆಯ ಏಪ್ರಿಲ್ ಬಿಸಿಲಲ್ಲಿ ಅದು ನೇರ ಹೀಟ್ ಸ್ಟ್ರೋಕಿಗೆ ದಾರಿ. ಓಟವನ್ನೂ ಒಮ್ಮೆಲೇ 5 ಕಿಮೀಗೆ ಹಚ್ಚಬೇಡಿ. ಎರಡು ವಾರ ಚುರುಕು ನಡಿಗೆ, ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಬೆರಳಿಟ್ಟ ಕಡೆ ಚುಚ್ಚಿ ನೋಯುತ್ತಿದ್ದರೆ ಓಟ ನಿಲ್ಲಿಸಿ ಎಂಐ ರೂಮಿಗೆ (ಘಟಕದ ವೈದ್ಯಕೀಯ ತಪಾಸಣಾ ಕೊಠಡಿ) ಹೋಗಲಿ. ಅದು ಮೂಳೆಯ ಬಿರುಕಾಗಿರಬಹುದು.