ಉಗುರಗಲದ ಜಾಗದ ಹಿಡಿತ

ಸಕಲೇಶಪುರದ ಓದುಗರೊಬ್ಬರ ಪತ್ರ: "ಹಳಿಗಳ ಘರ್ಷಣೆ, ಸವೆತದ ಬಗ್ಗೆ ಸಂಶೋಧನೆ ಮಾಡುವ ಇಂಗ್ಲೆಂಡಿನ ಷೆಫೀಲ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರೋಜರ್ ಲೂಯಿಸ್ ಅವರ ಕುರಿತ ನಿಮ್ಮ ಲೇಖನ ಓದಿದೆ. ತರಗೆಲೆ ಬಿದ್ದರೆ ರೈಲು ಜಾರುತ್ತದೆ ಅಂದರೆ ನಂಬುವುದು ಹೇಗೆ? ಘರ್ಷಣೆ ಕಡಿಮೆಯಾದಷ್ಟೂ ಒಳ್ಳೆಯದು ಎಂದು ನೀವೇ ಬರೆದಿದ್ದೀರಿ. ಹಾಗಾದರೆ ನಮ್ಮ ಘಾಟಿಯಲ್ಲಿ ಎಂಜಿನ್ನು ಹಳಿಗೆ ಮರಳು ಬಿಡುವುದೇಕೆ? ಮೆಕ್ಯಾನಿಕಲ್ ಓದುತ್ತಿರುವ ನನ್ನ ಮೊಮ್ಮಗಳು ಇದನ್ನೇ ಮುಂದೆ ಓದುತ್ತಾಳಂತೆ. ಆಯುಷ್ಯ ಕಳೆಯುವಷ್ಟು ಇದರಲ್ಲಿ ಏನಿದೆ?"

ನೀವು ಹಿಡಿದ ತಪ್ಪು ನಮ್ಮದೇ, ಒಪ್ಪಿಕೊಳ್ಳುತ್ತೇವೆ. ಘರ್ಷಣೆ ತೀರಾ ಕಡಿಮೆಯಾದರೆ ಗಾಲಿ ನಿಂತಲ್ಲೇ ತಿರುಗುತ್ತದೆ, ಬ್ರೇಕ್ ಹಾಕಿದರೂ ಗಾಡಿ ನಿಲ್ಲುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಾಟಿಯಲ್ಲಿ 50 ಮೀಟರಿಗೆ 1 ಮೀಟರಿನ ಏರು. ಒದ್ದೆ ಹಳಿಯ ಮೇಲೆ ಅದನ್ನು ಹತ್ತಲು ಹಿಡಿತ ಬೇಕು, ಆ ಹಿಡಿತಕ್ಕಾಗಿಯೇ ಮರಳು. ಆದರೆ ತಿರುವಿನಲ್ಲಿ ಗಾಲಿಯ ಅಂಚು ಹಳಿಯ ಪಕ್ಕಕ್ಕೆ ಉಜ್ಜುತ್ತದೆಯಲ್ಲ, ಅಲ್ಲಿ ಜಾರಬೇಕು. ಹಾಗಾಗಿ ಅಲ್ಲಿಗೆ ಗ್ರೀಸು. ಒಂದೇ ಹಳಿ. ಅದರ ತಲೆ, ಅಂದರೆ ಮೇಲ್ಭಾಗ, ಗಾಲಿಯನ್ನು ಹಿಡಿಯಬೇಕು, ಪಕ್ಕ ಜಾರಲು ಬಿಡಬೇಕು.

ಇನ್ನು ಎಲೆಯ ಮಾತು. ಎಂಜಿನ್ನಿನ ಒಂದೊಂದು ಗಾಲಿಯ ಮೇಲೂ ಸುಮಾರು 10 ಟನ್ ಭಾರ ಕೂತಿರುತ್ತದೆ. ಅಷ್ಟೂ ಭಾರ ಹಳಿಗೆ ಊರುವುದು ಕಿರುಬೆರಳಿನ ಉಗುರಿನಷ್ಟು ಜಾಗದಲ್ಲಿ. ಅಲ್ಲಿ ಸಿಕ್ಕಿದ ಎಲೆ ಎಲೆಯಾಗಿ ಉಳಿಯುವುದಿಲ್ಲ. ನಿಮ್ಮ ಮನೆಯ ಕಬ್ಬಿಣದ ಈಳಿಗೆಯಲ್ಲಿ ಬಾಳೆಕಾಯಿ ಹೆಚ್ಚಿ ನೋಡಿ. ಅಲಗು ಕಪ್ಪಾಗುತ್ತದೆ, ಬೆರಳಿಗೂ ಕರೆ ಹತ್ತುತ್ತದೆ, ತೊಳೆದರೂ ಹೋಗುವುದಿಲ್ಲ. ಬಾಳೆಕಾಯಿಯ ಒಗರು, ಅಂದರೆ ಟ್ಯಾನಿನ್, ಕಬ್ಬಿಣದೊಂದಿಗೆ ಸೇರಿ ಆಗುವ ಕಪ್ಪು ಅದು. ನಮ್ಮ ಹಿರಿಯರು ಅಳಲೆಕಾಯಿಯಿಂದ ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ. ನೆನೆದ ಎಲೆಯ ಟ್ಯಾನಿನ್ ಹಳಿಯ ಕಬ್ಬಿಣಕ್ಕೆ ಕೂಡಿ ಇಂಥದ್ದೇ ಕಪ್ಪು ಪದರವಾಗುತ್ತದೆ ಎಂದು ಲೂಯಿಸ್ ಅವರ ತಂಡ 2020ರಲ್ಲಿ ಪ್ರಕಟಿಸಿತು. ಆ ಪದರ ತೆಳ್ಳಗೆ, ಗಟ್ಟಿಯಾಗಿ ಅಂಟಿಕೊಂಡು, ಮಂಜುಗಡ್ಡೆಯ ಹಾಗೆ ಜಾರುತ್ತದೆ. ಗಾಲಿಯ ಉಕ್ಕಿನ ಒಂದು ಬಿಲ್ಲೆ, ಹಳಿಯ ಉಕ್ಕಿನ ಇನ್ನೊಂದು ಬಿಲ್ಲೆ ಕಡೆದು, ಒಂದಕ್ಕೊಂದು ಒತ್ತಿ ಉರುಳಿಸಿ, ಅವರು ಲ್ಯಾಬಿನಲ್ಲೇ ಘರ್ಷಣೆ, ಸವೆತ ಎರಡನ್ನೂ ಅಳೆಯುತ್ತಾರೆ. ಇಂಗ್ಲೆಂಡಿನಲ್ಲಿ ಹಳಿ ತೊಳೆಯಲೆಂದೇ ರೈಲುಗಳಿವೆ, 1500 ಬಾರ್ ಒತ್ತಡದ ನೀರು ಹಾಯಿಸುತ್ತವೆ. ಷೆಫೀಲ್ಡಿನವರು ನೀರಿನ ಬದಲು ಡ್ರೈ ಐಸ್ (ಗಟ್ಟಿಗಟ್ಟಿಸಿದ ಇಂಗಾಲದ ಡೈಆಕ್ಸೈಡ್) ಹರಳು ಎರಚಿ ಪದರ ಎಬ್ಬಿಸುವ ವಿಧಾನ ರೂಪಿಸಿದ್ದಾರೆ. ಹರಳು ಅನಿಲವಾಗಿ ಹಾರಿಹೋಗುತ್ತದೆ, ಹಿಂದೆ ಏನೂ ಉಳಿಯುವುದಿಲ್ಲ. ಮರಳಾದರೆ ಉಕ್ಕನ್ನು ತೇಯುತ್ತದೆ, ಹೆಚ್ಚಾದರೆ ಗಾಲಿ–ಹಳಿಗಳ ನಡುವೆ ವಿದ್ಯುತ್ ಹರಿಯುವುದಿಲ್ಲ. ಗಾಡಿ ಎಲ್ಲಿದೆ ಎಂದು ಸಿಗ್ನಲ್ ತಿಳಿಯುವುದು ಆ ವಿದ್ಯುತ್ತಿನಿಂದ, ಹಾಗಾಗಿ ಗಾಡಿ ಇರುವುದೇ ಅದಕ್ಕೆ ಗೊತ್ತಾಗದೆ ಹೋಗಬಹುದು.

ಎಲೆ ಬರೀ ನೆಪವಲ್ಲ. 2021ರ ಅಕ್ಟೋಬರ್ 31ರಂದು ಇಂಗ್ಲೆಂಡಿನ ಸಾಲಿಸ್ಬರಿ ಬಳಿ ಇಂಥ ಹಳಿಯ ಮೇಲೆ ಬ್ರೇಕ್ ಹಿಡಿಯದೆ ಒಂದು ರೈಲು ಇನ್ನೊಂದಕ್ಕೆ ಬಡಿಯಿತು. ಚಾಲಕರಿಗೆ ತೀವ್ರ ಪೆಟ್ಟಾಯಿತು.

ಸವೆತವೂ ನಾವು ಅಂದುಕೊಂಡಷ್ಟು ಸರಳವಲ್ಲ. ಗಾಲಿ ಉರುಳಿ ಉರುಳಿ ಹಳಿಯ ತಲೆಯಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಮೇಲ್ಮೈ ಸ್ವಲ್ಪ ಸವೆಯುತ್ತಿದ್ದರೆ ಬಿರುಕೂ ಅದರ ಜೊತೆಗೇ ಅಳಿಸಿಹೋಗುತ್ತದೆ. ಸವೆಯದಿದ್ದರೆ ಒಳಗಿಳಿಯುತ್ತದೆ. 2000ದ ಅಕ್ಟೋಬರ್ 17ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್‌ನಲ್ಲಿ ಇಂಥ ಬಿರುಕುಗಳಿಂದಲೇ ಹಳಿ ಚೂರುಚೂರಾಯಿತು, 4 ಜನ ಸತ್ತರು. ಅದಕ್ಕಾಗಿಯೇ ಹಳಿಯನ್ನು ಆಗಾಗ ಬೇಕೆಂದೇ ಉಜ್ಜಿ ಸವೆಸುತ್ತಾರೆ. ಎಷ್ಟು ಸವೆಸಬೇಕು, ಯಾವಾಗ ಎಂದು ಯಾರೋ ಕೂತು ಲೆಕ್ಕ ಹಾಕಬೇಕಲ್ಲ? ನಿಮ್ಮ ಮೊಮ್ಮಗಳು ಆ ಲೆಕ್ಕಕ್ಕೆ ಕೈ ಹಾಕುವುದಾದರೆ ತಡೆಯಬೇಡಿ. ಯಲಹಂಕದಲ್ಲಿ 1984ರಿಂದ ರೈಲಿನ ಗಾಲಿ ಎರಕ ಹೊಯ್ಯುತ್ತಿದ್ದಾರೆ, ವಿಷಯ ನಮ್ಮೂರಿನದೂ ಹೌದು.

ಮುಂದಿನ ಸಲ ಅವಳ ಜೊತೆ ಸ್ಟೇಷನ್ನಿಗೆ ಹೋದಾಗ, ಪ್ಲಾಟ್‌ಫಾರಂ ಮೇಲೆ ನಿಂತೇ ಹಳಿಯ ತಲೆ ನೋಡಿ. ತುಕ್ಕಿನ ನಡುವೆ ಬೆಳ್ಳಿಯಂಥ ಒಂದು ಪಟ್ಟಿ ಕಾಣುತ್ತದೆ. ಗಾಲಿ ಓಡುವುದು ಅಷ್ಟರ ಮೇಲೆಯೇ.

– ಸಂ.